ಬಾಜೂಮನೆಯ ಕಾಕು ಮತ್ತು ಹಳೆಯ ಸೈಲೆನ್ಸರ್

ನಿನ್ನೆ ಮೊಮ್ಮಗಳು ಹೋಳಿಗೆ ಮಾಡುತ್ತಿದ್ದಳು. ಒಂದು ಹೋಳಿಗೆ ಒಡೆದು ಹೂರಣ ಕಬ್ಬಿಣದ ಹಂಚಿಗೆ ಹತ್ತಿತು. ಬೆಲ್ಲ ಕರಕಾದ ವಾಸನೆ ನಡುಮನೆ ತುಂಬಿತು. ನಮ್ಮ ಮೂಡಲಗಿ ಕಡೆ ಬೆಲ್ಲದ ವಾಸನೆ ಹೊಸದಲ್ಲ, ಗಾಣ ಶುರುವಾದರೆ ಊರೇ ಬೆಲ್ಲ ನಾರುತ್ತದೆ. ಆದರೆ ಕೊಪ್ಪರಿಗೆಯಲ್ಲಿ ಕುದಿಯುವ ಬೆಲ್ಲದ ವಾಸನೆ ಬೇರೆ, ಕಾದ ಕಬ್ಬಿಣಕ್ಕೆ ಹತ್ತಿ ಸುಟ್ಟ ಬೆಲ್ಲದ ವಾಸನೆ ಬೇರೆ. ಈ ಎರಡನೆಯದು ಒಮ್ಮೆ ಕಾರಿನ ಸೈಲೆನ್ಸರಿನ ಬಾಯಿಯಿಂದ ಬಂದದ್ದನ್ನು ನಾನು ಮೂಸಿದ್ದೇನೆ. ಅಂದಿನಿಂದ ಅದು ಮೂಗಿಗೆ ಬಡಿದರೆ ಬಾಜೂಮನೆಯ ಕಾಕು ಬಂದು ನಿಲ್ಲುತ್ತಾರೆ...

ಕಾಕು ಎಂದರೆ ಚಿಕ್ಕಮ್ಮ, ಕರೆಯುವುದಷ್ಟೇ ಹಾಗೆ. ಅವರು ಜೈನರು. ನಾವು ಕುರುಬರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು. ನಾವು ಕುರಿ ಬೇಯಿಸಿದ ದಿನ ಕಾಕು ನಮ್ಮ ಕಡೆಯ ಕಿಟಕಿ ಮುಚ್ಚುತ್ತಿದ್ದರು, ಮರುದಿನ ತೆರೆಯುತ್ತಿದ್ದರು. ಬಾಯಿಬಿಟ್ಟು ಒಂದು ಮಾತು ಹೇಳುತ್ತಿರಲಿಲ್ಲ. ನನಗೇ ತಡೆಯದೆ ಒಮ್ಮೆ ಕೇಳಿದೆ.

“ಕಿಟಕಿ ಯಾಕ ಮುಚ್ಚತೀರಿ ಕಾಕು? ನಮ್ಮ ಕುರಿ ಹಾರಿ ನಿಮ್ಮನಿಗಿ ಬರ್ತಾವೇನ್ರಿ?”

“ಕುರಿ ಬಂದ್ರ ಹುಲ್ಲ ಹಾಕ್ತಿದ್ದೆ ತಂಗಿ. ನೀ ಕಳಸೂದು ಬರೇ ವಾಸನಿ,” ಅಂದರು.

ಹಾಗಿದ್ದರು ಕಾಕು. ಮಾತು ಕಡಿಮೆ, ಆಡಿದರೆ ಎದುರಿನವರ ಬಾಯಿ ಕಟ್ಟುತ್ತಿತ್ತು. ನನ್ನ ಬಾಯಿ ಕಟ್ಟಿದವರು ಊರಲ್ಲಿ ಅವರೊಬ್ಬರೇ. ಗಂಡ ಸತ್ತ ವರ್ಷ ನಾನು ಯಾರೊಡನೆಯೂ ಮಾತಾಡದೆ ಕುಳಿತಿದ್ದಾಗ, ದಿನಾ ಬೆಳಿಗ್ಗೆ ಗೋಡೆ ಬಡಿದು “ಎದ್ದೀಯೇನ?” ಎಂದು ಕೇಳುತ್ತಿದ್ದವರೂ ಅವರೇ. ಎದ್ದೇನಿ ಅನ್ನುವವರೆಗೂ ಬಡಿಯುತ್ತಿದ್ದರು.

ಕುರಿ ಕಾಯುವುದು ನನ್ನ ಮಗನಿಗೆ ಬೇಡವಾಗಿತ್ತು. ಹಿಂಡು ಮಾರಿ ಕೊಲ್ಲಾಪುರದಿಂದ ಹಳೆಯ ಡೀಸೆಲ್ ಕಾರು ತಂದ. ಹಿಂದುಗಡೆ ಕೆಂಪು ಅಕ್ಷರದಲ್ಲಿ ಟರ್ಬೊ ಎಂದು ಬರೆದಿತ್ತು. ಹಾಗೆಂದರೇನು ಎಂದು ಕೇಳಿದೆ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಆ ಚಕ್ರ ಎಂಜಿನ್ನಿಗೆ ಗಾಳಿ ತುರುಕುತ್ತದೆ, ಗಾಡಿ ಜೋರು ಓಡುತ್ತದೆ ಅಂದ. ಒಲೆಯ ಹೊಗೆಯೇ ಒಲೆಗೆ ಊದುಗೊಳವೆಯಾದ ಹಾಗೆ ಎಂದು ನಾನು ತಿಳಿದುಕೊಂಡೆ. ದಿನಾ ಬೆಳಿಗ್ಗೆ ಹುಕ್ಕೇರಿಗೆ ಹೋಗುವ ಮಾಸ್ತರರನ್ನೂ ಆಫೀಸಿನವರನ್ನೂ ಗೋಕಾಕದ ಮೇಲಿಂದ ಕರೆದೊಯ್ದು ಸಂಜೆ ತಂದು ಬಿಡುತ್ತಿದ್ದ. ಮನೆ ಅದರಲ್ಲೇ ನಡೆಯುತ್ತಿತ್ತು.

ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ. ಕಂಪನಿಯವರು ಹಾಕಿದ ಸೈಲೆನ್ಸರ್ ಹೊಗೆಯನ್ನು ಹಿಡಿದಿಡುತ್ತದೆ, ಅದನ್ನು ತೆಗೆದು ದಪ್ಪನೆಯ ನೇರ ಪೈಪು ಹಾಕಿದರೆ ಟರ್ಬೊ ಇನ್ನೂ ಬಿಡುಬೀಸಾಗಿ ತಿರುಗುತ್ತದೆ ಎಂದು ಯಾರೋ ಹತ್ತರಗಿಯ ಡ್ರೈವರುಗಳು ಅವನ ತಲೆಯಲ್ಲಿ ತುಂಬಿದರು. ಹುಕ್ಕೇರಿಯ ಮಿಸ್ತ್ರಿಯ ಹತ್ತಿರ ಹಾಕಿಸಿಕೊಂಡು ಬಂದ. ಓಣಿಯ ತುದಿಗೆ ಬಂದರೆ ನಮ್ಮ ಅಡಿಗೆಮನೆಯ ತಾಟುಗಳು ನಡುಗುತ್ತಿದ್ದವು. ಅವನಿಗೆ ಅದೇ ಮೆರವಣಿಗೆ. ಬಿಚ್ಚಿದ ಹಳೆಯ ಸೈಲೆನ್ಸರನ್ನು ಅಲ್ಲೇ ಬಿಟ್ಟು ಬರುವವನಿದ್ದ, ಕಬ್ಬಿಣ ಬಿಸಾಡಬೇಡ ಎಂದು ನಾನೇ ಮನೆಗೆ ತರಿಸಿದೆ.

ಹಿತ್ತಲಲ್ಲಿ ಬಿದ್ದಿದ್ದ ಅದನ್ನು ಕಾಕು ನೋಡಿದರು. ಕೌಜಲಗಿಯಲ್ಲಿ ಅವರ ಹೊಲವಿತ್ತು. ಜೋಳ ಹಾಲುಗಾಳಾದರೆ ಗಿಳಿಗಳ ದಂಡು. ಕವಣೆ ಬೀಸಲು ಕಾಕು ಬಿಡುತ್ತಿರಲಿಲ್ಲ, ಕಲ್ಲು ತಾಗಿದರೆ ಹಕ್ಕಿ ಸಾಯುತ್ತದೆ. “ಅದನ್ನ ಕೊಡ ತಂಗಿ, ಗಿಡಕ್ಕ ಕಟ್ಟಿ ಬಡದ್ರ ಗಿಳಿ ಎದ್ದ ಹೋಗ್ತಾವ,” ಅಂದರು. ಕೊಟ್ಟೆ. ಅವರ ಹೊಲ ಕಾಯುವ ಮುದುಕ ಅದನ್ನು ಜಾಲಿಗಿಡಕ್ಕೆ ಉದ್ದಕ್ಕೆ ತೂಗುಬಿಟ್ಟು ಬಡಿಗೆಯಿಂದ ಬಡಿಯುತ್ತಿದ್ದ. ಸದ್ದು ಅಡಗಿಸಲು ಮಾಡಿದ ಡಬ್ಬಿ ಹೊಲದಲ್ಲಿ ಸದ್ದು ಮಾಡುತ್ತ ತೂಗಿತು. ಮನೆಯಲ್ಲಿ ಕಾರು ಗುಡುಗುತ್ತಿತ್ತು. ಎರಡೂ ನಮ್ಮದೇ ಕೆಲಸ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಕಾಕುನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಬೆಳಗಾವಿಯ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದರು. ಕಾಕು ತಮ್ಮ ಗುರುಗಳನ್ನು ಕೇಳಿ ಸಲ್ಲೇಖನ ಹಿಡಿದರು. ಜೈನರಲ್ಲಿ ಅದು ಕಡೆಯ ವ್ರತ. ಮೊದಲು ಅನ್ನ ರೊಟ್ಟಿ ಬಿಡುವುದು, ಆಮೇಲೆ ಹಾಲು ಮಜ್ಜಿಗೆ ಬಿಟ್ಟು ಬರೀ ನೀರು, ಕಡೆಗೆ ಅದನ್ನೂ ಬಿಡುವುದು. ನನಗೆ ಸಿಟ್ಟು ಬಂತು. ಹೋಗಿ ಎದುರಿಗೇ ಕೇಳಿದೆ.

“ತಿನ್ನೂದ ಬಿಟ್ಟ ಮಲಗೂದಂದ್ರ ಇದ್ಯಾವ ಶ್ಯಾಣ್ಯಾತನ ಕಾಕು?”

“ಹೊಟ್ಟ್ಯಾಗಿನ ಗಡ್ಡಿ ನನ್ನ ಕೇಳಿ ಬಂತೇನ? ಹೋಗೂದರ ನಾ ಹೇಳಿದಂಗ ಆಗ್ಲಿ ಬಿಡು,” ಅಂದರು.

ಗೋಡೆಗೆ ಹೊಂದಿದ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿದರು. ಮನೆಯವರು, ಓಣಿಯ ಜೈನರು ಸರದಿಯ ಮೇಲೆ ಕುಳಿತು ಣಮೋಕಾರ ಮಂತ್ರ ಹೇಳುತ್ತಿದ್ದರು. ಕಾಕು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಉಸಿರು ಹೋಗುವಾಗ ಕಿವಿಯಲ್ಲಿ ಆ ಮಂತ್ರವೇ ಇರಬೇಕು, ಮನಸ್ಸು ಅತ್ತಿತ್ತ ಸರಿಯಬಾರದು. ವ್ರತವೆಲ್ಲ ಅದಕ್ಕಾಗಿಯೇ ಎಂದು ಕಾಕುನ ಸೊಸೆ ನನಗೆ ತಿಳಿಸಿ ಹೇಳಿದಳು. ಮೊದಲೇ ಕಾಕುಗೆ ಕಿವಿ ಮಂದ.

ಒಂದು ಬೆಳಿಗ್ಗೆ ನಾನೂ ಹೋಗಿ ಕುಳಿತಿದ್ದೆ. ಹೊರಗೆ ನನ್ನ ಮಗ ಗಾಡಿ ಶುರು ಮಾಡಿದ. ಗೋಡೆಯ ಮಣ್ಣು ಉದುರಿತು. ಮಂತ್ರ ಹೇಳುವವರ ದನಿ ಒಬ್ಬರದು ಒಬ್ಬರಿಗೆ ಕೇಳದೆ ನಿಂತಿತು. ಕಾಕುನ ತುಟಿಯೂ ನಿಂತಿತು. ಎಲ್ಲಿ ಬಿಟ್ಟೆ ಎಂದು ಹುಡುಕುವವರ ಹಾಗೆ ಕಣ್ಣು ಬಿಟ್ಟು ಮೇಲಿನ ಜಂತಿ ನೋಡಿದರು. ಗಾಡಿ ಓಣಿ ದಾಟಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದರು. ಯಾರೂ ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಜಗಳ ಮಾಡಿ ಮರೆಯುತ್ತಿದ್ದೆ.

ಸಂಜೆ ಮಗ ಬಂದೊಡನೆ ಬಾಗಿಲಲ್ಲೇ ಹಿಡಿದೆ. ನಾಳೆಯಿಂದ ಗಾಡಿ ಹೊರಗೆ ತೆಗೆಯಬೇಡ ಅಂದೆ. ಗೋಡೆಯಾಚೆ ಅದು ಸೊಸೆಗೆ ಕೇಳಿಸಿ ಕಾಕುಗೆ ತಿಳಿಯಿತು. ಕಾಕು ಸೊಸೆಯ ಕೈಲಿ ನನ್ನನ್ನು ಕರೆಸಿದರು.

“ನನ್ನ ಸಲುವಾಗಿ ಯಾರ ದುಡಿಮಿ ನಿಂತ್ರ ನನ್ನ ವ್ರತ ಕೆಡತೈತಿ. ಅವ ಹೋಗ್ಲಿ. ನಾ ಮತ್ತ ಮೊದಲಿಂದ ಹೇಳ್ಕೊಂತೀನಿ,” ಅಂದರು.

ಗಾಡಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ನೋಡಿದೆವು. ರಾತ್ರಿ ಯಾರೋ ಕದ್ದಿದ್ದರು, ಬೆಳಿಗ್ಗೆ ಟಾಕಿಯಲ್ಲಿ ಡೀಸೆಲ್ ಇರಲಿಲ್ಲ. ಓಣಿಯ ತುದಿಯವರೆಗೆ ನೂಕಿ ಅಲ್ಲಿ ಶುರು ಮಾಡಿ ನೋಡಿದೆವು. ಓಣಿ ಏರು, ನೂಕುವವರ ಕೂಗಾಟ ಗಾಡಿಗಿಂತ ಹೆಚ್ಚಾಯಿತು, ತುದಿಯಲ್ಲಿ ಗುಡುಗಿದ್ದೂ ಕೋಣೆಯವರೆಗೆ ಬಂತು. ಆಗ ನಾನು ತೀರ್ಮಾನ ಮಾಡಿದೆ. ಮೊದಲು ಏನಿತ್ತೋ ಅದನ್ನೇ ತಿರುಗಿ ಹಾಕಿಸುವುದು. ಹೊಸದು ತರಿಸಲು ತಿಂಗಳಾದರೂ ಬೇಕು ಎಂದು ಮಿಸ್ತ್ರಿ ಹೇಳಿ ಕಳಿಸಿದ. ಕಾಕು ಆಗಲೇ ಮಜ್ಜಿಗೆ ಬಿಟ್ಟು ನೀರಿಗೆ ಬಂದಿದ್ದರು. ತಿಂಗಳು ಎಲ್ಲಿಂದ ತರುವುದು...

ಮಗನನ್ನು ಹೊರಡಿಸಿಕೊಂಡು ಕೌಜಲಗಿಗೆ ಹೋದೆ. ಜಾಲಿಗಿಡದಲ್ಲಿ ಸೈಲೆನ್ಸರ್ ಇತ್ತು. ಮೈತುಂಬ ಬಡಿಗೆಯ ಗುಳಿ.

“ಇದನ್ನ ಒಯ್ದ್ರ ನಾ ಏನ್ ಬಡೀಲಿ?” ಎಂದು ಹೊಲ ಕಾಯುವ ಮುದುಕ ಅಡ್ಡ ನಿಂತ.

“ನಿನ್ನ ಹಣಿ ಬಡ್ಕೋ. ಅದಕ್ಕೂ ಗಿಳಿ ಏಳತಾವ,” ಎಂದು ನಾನು ತಂದಿದ್ದ ಹಳೆಯ ಎಣ್ಣೆಡಬ್ಬಿ ಅವನ ಕೈಗೆ ಕೊಟ್ಟೆ.

ಹಗ್ಗ ಬಿಚ್ಚಿ ಇಳಿಸಿದ್ದೇ ತಡ, ಮೊಳಕೈವರೆಗೆ ಇರುವೆ ಏರಿದವು. ಕರಿ ಇರುವೆ. ಡಬ್ಬಿಯ ಒಳಗೆ ಊರು ಕಟ್ಟಿಕೊಂಡಿದ್ದವು. ಬಾಯಿಗೆ ಕಣ್ಣಿಟ್ಟು ನೋಡಿದರೆ ಅಕ್ಕಿಯ ನುಚ್ಚಿನ ಹಾಗೆ ಬಿಳಿ ಮೊಟ್ಟೆ. ಕಡಿಸಿಕೊಳ್ಳುತ್ತಲೇ ಡಿಕ್ಕಿಯಲ್ಲಿ ಹಾಕಿ ಮನೆಗೆ ತಂದೆವು.

ಕಾಕು ನಗಲಿ ಎಂದು ಊದಿದ ಕೈ ತೋರಿಸಿದೆ. ಅವರು ನಗಲಿಲ್ಲ.

“ಆ ಇರಿವಿ ಏನ್ ಮಾಡ್ತೀರಿ?”

“ಮಿಸ್ತ್ರಿ ಬೆಂಕ್ಯಾಗ ಹಿಡದ್ರ ಎಲ್ಲಾ ಬೂದಿ ಆಗ್ತಾವ್ರಿ. ಅವ್ರೆಲ್ಲಾ ಹಂಗ ಮಾಡೂದು.”

“ಹಂಗಾದ್ರ ಅದು ಬ್ಯಾಡ ತಂಗಿ. ನನ್ನ ಕಿವಿ ಸಲುವಾಗಿ ಅಷ್ಟ ಜೀವ ಸುಟ್ಟ ಮ್ಯಾಲ ನಾ ಯಾವ ಬಾಯಿಲೆ ಮಂತ್ರ ಹೇಳ್ಲಿ? ಗದ್ದಲ ಇರ್ಲಿ ಬಿಡು.”

ಕಣ್ಣು ಮುಚ್ಚಿಕೊಂಡರು. ಮಾತು ಮುಗಿಯಿತು ಎಂದು ಅರ್ಥ. ಆದರೆ ನಾನು ಮುಗಿಸಲಿಲ್ಲ. “ಒಂದನ್ನೂ ಸುಡಂಗಿಲ್ಲ. ಎಲ್ಲಾ ಇಳಿಸಿನ ಹಾಕಸ್ತೀನಿ. ಅಲ್ಲೀತನ ನೀವು ಎಲ್ಲಿಗೂ ಹೋಗೂ ಹಂಗಿಲ್ಲ,” ಎಂದು ಹೇಳಿ ಎದ್ದುಬಂದೆ. ನಾನು ಕೈಯಾರೆ ಕುರಿ ಕೊಯ್ದ ಹೆಂಗಸು. ಇರುವೆಯ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ಪ್ರೀತಿ ಬೇಕಾಗಿರಲಿಲ್ಲ, ಕೆಲಸ ಆಗಬೇಕಾಗಿತ್ತು.

ಮರುದಿನ ಬೆಳಿಗ್ಗೆ ಹಿತ್ತಲ ಬೇವಿನ ಗಿಡದ ಹತ್ತಿರ ಸೈಲೆನ್ಸರನ್ನು ಮಲಗಿಸಿದೆ. ಡಬ್ಬಿ ಬಿಸಿಲಿಗೆ, ಪೈಪಿನ ಬಾಯಿ ನೆರಳಿಗೆ. ಪೈಪಿನ ಒಳಗೆ ಕೈ ಹೋಗುವಷ್ಟು ದೂರ ಬೆಲ್ಲ ಸವರಿದೆ. ಅಲ್ಲಿಂದ ಬೇವಿನ ಬುಡದವರೆಗೆ ಬೆಲ್ಲದ ಪುಡಿಯ ಗೆರೆ ಎಳೆದೆ, ಬುಡದಲ್ಲಿ ಮಣ್ಣು ಸಡಿಲಿಸಿ ಒಂದು ಉಂಡೆ ಇಟ್ಟೆ. ಕುರಿಹಟ್ಟಿಯಲ್ಲಿ ನೋಡಿದ್ದೆ, ನೆಲ ಕಾದರೆ ಇರುವೆ ಮೊದಲು ಮೊಟ್ಟೆ ಹೊತ್ತುಕೊಂಡು ತಣ್ಣಗಿರುವ ಕಡೆ ಹೊರಡುತ್ತವೆ. ಕಬ್ಬಿಣ ಒಮ್ಮೆಗೇ ಕಾದರೆ ಒಳಗೇ ಸಾಯುತ್ತವೆ, ಕಾಯದಿದ್ದರೆ ಏಳುವುದಿಲ್ಲ. ಹಾಗಾಗಿ ಒದ್ದೆ ಗೋಣಿ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಇಡೀ ದಿನ ಅದೇ ಕೆಲಸ.

ಮೊದಲು ಬರೀ ಬೆಲ್ಲ ತಿಂದು ಒಳಗೆ ಓಡಿದವು. ನೆಂಟರ ಮನೆಯ ಊಟ ಉಂಡು ಮತ್ತೆ ಹಾಸಿಗೆಗೆ ಹೋದ ಹಾಗೆ. ನಾನು ಬೈದೆ. ಬಿಸಿಲು ಏರಿದ ಮೇಲೆ ಒಂದು ಇರುವೆ ಬಾಯಲ್ಲಿ ಬಿಳಿಯದನ್ನು ಕಚ್ಚಿಕೊಂಡು ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಗೆರೆಯ ಮೇಲೆ ಗೆರೆ.

ಮಗ ಸಂಜೆ ಬಂದು ನಿಂತು ನೋಡಿದ. “ಯವ್ವಾ, ಎಲ್ಲಾರಿಗೂ ಟಿಕೀಟ್ ಹರದೀ ಇಲ್ಲ?” ಅಂದ.

“ನಿನ್ನ ಗಾಡ್ಯಾಗ ಕೂತ ಮಂದಿಗಿಂತ ಶಿಸ್ತ ಅದಾವ. ನೀರ ತಂದ ಗೋಣಿ ತೊಯ್ಸು,” ಅಂದೆ. ತೋಯಿಸಿದ.

ಅದರ ಮರುದಿನವೂ ಹಾಗೇ ಮಾಡಿದೆ. ಕಾಕುನ ಸೊಸೆ ಆಗಾಗ ಗೋಡೆಯ ಮೇಲಿಂದ ಇಣುಕಿ “ಎಷ್ಟ ಉಳದಾವಂತ ಕೇಳಾಕತ್ತಾರ,” ಎನ್ನುತ್ತಿದ್ದಳು. ಇನ್ನೂ ಅದಾವ ಅನ್ನುತ್ತಿದ್ದೆ. ಸುಳ್ಳು ಹೇಳಿ ಮುಗಿಸಬಹುದಾಗಿತ್ತು. ಆದರೆ ಕಾಕುಗೆ ಸುಳ್ಳು ಹೇಳಿ ಗೆದ್ದವರನ್ನು ನಾನು ಕಂಡಿಲ್ಲ. ಕಡೆಗೆ ಡಬ್ಬಿಗೆ ಕಿವಿ ಹಚ್ಚಿದೆ, ಅಲ್ಲಾಡಿಸಿದೆ, ಬಿಳಿ ಬಟ್ಟೆಯ ಮೇಲೆ ಬಡಿದೆ. ಒಣ ಮಣ್ಣು ಬಿತ್ತು. ಬೇರೇನೂ ಬೀಳಲಿಲ್ಲ.

ಮುಂದಿನ ಬೆಳಿಗ್ಗೆ ಮಾಸ್ತರರ ಕಾಲಬುಡದಲ್ಲಿ ಸೈಲೆನ್ಸರ್ ಇಟ್ಟುಕೊಂಡು ನಾನೂ ಹುಕ್ಕೇರಿಗೆ ಹೋದೆ. ಮಿಸ್ತ್ರಿ ಅದನ್ನು ಎತ್ತಿ ನೋಡಿ ಗ್ಯಾಸಿನ ಬೆಂಕಿ ಹಚ್ಚಲು ಹೋದ. ಅವನ ಕೈ ಹಿಡಿದೆ. ಇನ್ನೊಮ್ಮೆ ಬಟ್ಟೆಯ ಮೇಲೆ ಬಡಿದು ತೋರಿಸು ಅಂದೆ.

“ನೀವು ಕುರುಬರೋ ಜೈನರೋ ಅವ್ವಾರ?” ಎಂದು ನಕ್ಕ.

“ನಾ ಗಿರಾಕಿ. ಬಡಿ.”

ಬಡಿದ. ಏನೂ ಬೀಳಲಿಲ್ಲ. ಆದರೆ ಒಳಗೆ ಏನೋ ಗಡಗಡ ಅಂದಿತು. ಮುದುಕ ಬಡಿದ ಏಟಿಗೆ ಒಳಗಿನ ತಗಡು ಕಳಚಿತ್ತು. ಡಬ್ಬಿಯ ಒಂದು ಮಗ್ಗುಲು ಕೊಯ್ದು, ತಗಡು ಕೂರಿಸಿ, ಮತ್ತೆ ಬೆಸುಗೆ ಹಾಕಬೇಕಾಯಿತು. ಟರ್ಬೊಕ್ಕೆ ಹೊಂದಿದ ಮುಂದಿನ ಪೈಪು ಮಿಸ್ತ್ರಿಯ ಗುಜರಿ ರಾಶಿಯಲ್ಲೇ ಇತ್ತು, ಅದು ನಮ್ಮ ಪುಣ್ಯ. ಬೋಲ್ಟುಗಳು ಬೆಂಕಿ ತಿಂದು ತಿಂದು ಕಚ್ಚಿಕೊಂಡಿದ್ದವು. ಒಂದು ಮುರಿಯಿತು. ಅದನ್ನು ಕೊರೆದು ತೆಗೆಯುವಷ್ಟರಲ್ಲಿ ಮಧ್ಯಾಹ್ನ ಸರಿಯಿತು. ದಪ್ಪ ಪೈಪನ್ನು ನೆಲಕ್ಕೆ ಇಳಿಸಿದಾಗ ಮಗ ಅದನ್ನು ನೋಡುತ್ತ ನಿಂತ. ಆದರೆ ಹಳೆಯ ಡಬ್ಬಿ ಮೇಲೆತ್ತುವಾಗ ತಾನೇ ಗಾಡಿಯ ಕೆಳಗೆ ಹೋಗಿ ಎದೆಯ ಮೇಲೆ ಆನಿಸಿಕೊಂಡ. ಹೊಸ ರಬ್ಬರಿನ ಬಳೆಗಳಲ್ಲಿ ಅದನ್ನು ತೂಗುಹಾಕಿದರು.

ಗಾಡಿ ಶುರು ಮಾಡಿದರು. ಗುಡುಗು ಹೋಗಿತ್ತು. ಆದರೆ ಟರ್ಬೊದ ಹತ್ತಿರ ಕೂಡುವಲ್ಲಿ ಹಾವಿನ ಹಾಗೆ ಚುಸ್ ಚುಸ್ ಎನ್ನುತ್ತಿತ್ತು.

“ಹೊಗಿ ಸ್ವಲ್ಪ ಲೀಕ್ ಐತ್ರಿ. ಓಡಸ್ಕೋತ ಮಸಿ ಹಿಡದ ತಾನ ಮುಚ್ಕೊಂತೈತಿ. ಒಯ್ರಿ,” ಎಂದು ಮಿಸ್ತ್ರಿ ಕೈ ಒರೆಸಿಕೊಂಡ.

“ಮಸಿ ಹಿಡಿಯೂತನ ನಮ್ಮ ಕಾಕು ಇರೂದಿಲ್ಲೋ ಮಾರಾಯಾ. ಬಿಚ್ಚು,” ಅಂದೆ.

ಅವನು ನನ್ನ ಮುಖ ನೋಡಿದ. ಬಿಸಿ ಕಬ್ಬಿಣಕ್ಕೆ ಗೋಣಿ ಸುತ್ತಿ ಮತ್ತೆ ಬಿಚ್ಚಿದ, ನಡುವಿನ ಹಳೆಯ ಪ್ಯಾಕಿಂಗ್ ಕೆರೆದು ಹೊಸದು ಕೂರಿಸಿ ಬಿಗಿದ. ಎರಡನೆಯ ಸಲ ಶುರು ಮಾಡಿದಾಗ ಚುಸ್ ಇರಲಿಲ್ಲ. ಕಿವಿಗೊಟ್ಟರೆ ಟರ್ಬೊದ ಸಣ್ಣ ಸೀಟಿ ಮಾತ್ರ. ಸ್ವಲ್ಪ ಹೊತ್ತಿಗೆ ಪೈಪಿನ ಬಾಯಿಯಿಂದ ಕರಕು ಬೆಲ್ಲದ ವಾಸನೆ ಹೊರಟಿತು. ನಾನು ಸವರಿದ್ದರಲ್ಲಿ ಇರುವೆ ತಿಂದು ಬಿಟ್ಟದ್ದು ಒಳಗೆ ಸುಡುತ್ತಿತ್ತು. ಗ್ಯಾರೇಜೆಲ್ಲ ಹಬ್ಬದ ಮನೆಯ ಹಾಗಾಯಿತು. ಮೂಡಲಗಿ ಮುಟ್ಟುವವರೆಗೂ ಮಾಸ್ತರರು ಇದೇನು ವಾಸನೆ ಎಂದು ಕೇಳುತ್ತಲೇ ಇದ್ದರು.

“ಮೊದಲಿನಂಗ ಜಗ್ಗವಲ್ದು ಯವ್ವಾ,” ಎಂದು ಮಗ ಗೋಕಾಕದ ಏರಿನಲ್ಲಿ ಗೊಣಗಿದ. ಗಾಡಿ ಏರು ಹತ್ತಿತು. ನನಗೆ ಅಷ್ಟು ಸಾಕು.

ಮರುದಿನ ಬೆಳಿಗ್ಗೆ ಕಾಕುನ ಹತ್ತಿರ ಹೋಗಿ ಕುಳಿತೆ. ಮಂತ್ರ ನಡೆದಿತ್ತು. ಹೊರಗೆ ಗಾಡಿಯ ಬಾಗಿಲು ಹಾಕಿದ್ದು ನನಗೆ ಕೇಳಿತು, ಹೊರಟಿದ್ದೂ ಕೇಳಿತು. ಮಂತ್ರ ತುಂಡಾಗಲಿಲ್ಲ. ಕಾಕುನ ತುಟಿ ನಿಲ್ಲಲಿಲ್ಲ. ಬಹಳ ಹೊತ್ತಿನ ಮೇಲೆ ಅವರೇ ಕಣ್ಣು ಬಿಟ್ಟರು.

“ಹುಡುಗ ಇನ್ನ ಹೋಗಿಲ್ಲೇನ? ಹೊತ್ತಾತಲ್ಲ.”

“ಆಗಳೆ ಹ್ವಾದ್ನರಿ. ಗೋಕಾಕ ಮುಟ್ಟಿರಬೇಕು.”

ಕಾಕು ನನ್ನ ಕಡೆ ತಿರುಗಿದರು. “ಇರಿವಿ?” ಅಂದರು.

“ಬೇವಿನ ಬುಡದಾಗ ಅದಾವ್ರಿ. ನಿಮ್ಮ ಹೆಸರ ಹೇಳಿ ಬೆಲ್ಲ ತಿಂದ ಮೈ ಬಿಟ್ಟಾವ.”

ಆಗ ನಕ್ಕರು. ದನಿ ಇರಲಿಲ್ಲ, ಹೊಟ್ಟೆ ಮಾತ್ರ ಅಲ್ಲಾಡಿತು. ಆಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡು ಹೇಳಿದರು.

“ಅವ ಹೋಗಿದ್ದ ಗೊತ್ತಾಗಲಿಲ್ಲ. ಇನ್ನ ಬಂದಿದ್ದೂ ಗೊತ್ತಾಗೂದಿಲ್ಲ. ಆ ಗದ್ದಲ ಕೇಳಿದ ಮ್ಯಾಲ, ಹುಡುಗ ಮನಿಗಿ ಬಂದ ಅಂತ ನಾ ದಿನಾ ದೀಪ ಸಣ್ಣ ಮಾಡ್ತಿದ್ದೆ. ಇನ್ನ ಮ್ಯಾಲ ಅವ ಬಂದ ಕೂಡ್ಲೆ ಬಂದ ಹೇಳು.”

ಇಷ್ಟು ವರ್ಷ ಅವರು ಕಾಯುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಆ ಗದ್ದಲ ಅವರಿಗೆ ಬರೀ ಗದ್ದಲ ಎಂದೇ ತಿಳಿದಿದ್ದೆ.

ಅಂದಿನಿಂದ ಮಗ ಬಂದೊಡನೆ ಹೋಗಿ ಬಾಗಿಲಲ್ಲಿ ನಿಂತು “ಬಂದಾನ್ರಿ ಕಾಕು,” ಎನ್ನುತ್ತಿದ್ದೆ. ಹ್ಞೂಂ ಅನ್ನುತ್ತಿದ್ದರು. ನೀರು ಬಿಟ್ಟ ಮೇಲೆ ಹ್ಞೂಂ ನಿಂತು ಬೆರಳು ಎತ್ತುತ್ತಿದ್ದರು. ಕಡೆಯ ಸಂಜೆ ಹೋದಾಗ ಕೋಣೆ ತುಂಬ ಜನ. ಸೊಸೆ ಕಿವಿಗೆ ಬಾಯಿ ಹಚ್ಚಿ ಮಂತ್ರ ಹೇಳುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತೆ. ಜೋರಾಗಿ ಹೇಳಿದರೆ ಮಂತ್ರ ಕೆಡುತ್ತದೆ, ಸಣ್ಣಗೆ ಹೇಳಿದರೆ ಅವರಿಗೆ ಕೇಳುವುದಿಲ್ಲ. ಸಣ್ಣಗೇ ಹೇಳಿದೆ. ಬೆರಳು ಎತ್ತಿದರೋ ಇಲ್ಲವೋ, ಜನ ಅಡ್ಡ ಇದ್ದರು, ಕಾಣಲಿಲ್ಲ. ಕಾಣದ್ದನ್ನು ಕಂಡೆ ಎಂದು ಬರೆಯುವುದಿಲ್ಲ. ಮಂತ್ರ ಮಾತ್ರ ಎಲ್ಲಿಯೂ ತುಂಡಾಗಲಿಲ್ಲ, ಅದನ್ನು ನನ್ನ ಕಿವಿಯಿಂದ ಕೇಳಿದೆ...

ಆ ಕಾರು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಬಾಜೂಮನೆ ಈಗ ಬಟ್ಟೆ ಅಂಗಡಿಯವರ ಗೋದಾಮು. ಬೇವಿನ ಬುಡದಲ್ಲಿ ಇರುವೆ ಈಗಲೂ ಇವೆ, ಮಳೆಗಾಲಕ್ಕೆ ಅಡಿಗೆಮನೆಗೂ ಬರುತ್ತವೆ. ಅರಿಶಿನ ಉದುರಿಸುತ್ತೇನೆ, ಬಿಸಿನೀರು ಹಾಕುವುದಿಲ್ಲ.

ನಿನ್ನೆ ಸಂಜೆ ಮಗನ ಗಾಡಿ ಬಂದು ನಿಂತಿತು. ಈಗಿನದು ಬಂದದ್ದೂ ತಿಳಿಯುವುದಿಲ್ಲ, ಅಷ್ಟು ಮೆತ್ತಗೆ. ಅವನು ಚಪ್ಪಲಿ ಬಿಟ್ಟ ಸದ್ದಿಗೆ ನಾನು ಎದ್ದು ಗೋಡೆಯ ಹತ್ತಿರ ಹೋಗಿದ್ದೆ. ಬಾಯಿಯವರೆಗೆ ಮಾತು ಬಂದಿತ್ತು. ಗೋಡೆಯಾಚೆ ಬಟ್ಟೆಯ ಗಂಟುಗಳು. ಅವಕ್ಕೆ ಹೇಳಿ ಏನು ಮಾಡುವುದು. ತಿರುಗಿ ಬಂದು ಬೆಲ್ಲ ಹತ್ತಿದ ಹಂಚು ತಿಕ್ಕಲು ಕುಳಿತೆ.